ಬದಲಿಗೆ ಬಂದವರು

ಅಮೆರಿಕದ ಬೇಸ್‌ಬಾಲ್ ಪ್ರಿಯರಲ್ಲಿ ಒಂದು ಕಥೆ ಬಹುಕಾಲದಿಂದ ಪ್ರಚಲಿತವಾಗಿದೆ. 1925ರ ಜೂನ್ 2ರಂದು ನ್ಯೂಯಾರ್ಕ್ ಯಾಂಕೀಸ್ ತಂಡದ ಮೊದಲ ಬೇಸ್ ಕಾಯುತ್ತಿದ್ದ ವಾಲಿ ಪಿಪ್ ಎಂಬ ಅನುಭವಿ ಆಟಗಾರ ತನಗೆ ತಲೆನೋವೆಂದು ಹೇಳಿ ಆಸ್ಪಿರಿನ್ ಮಾತ್ರೆ ಕೇಳಿದನಂತೆ. ಹಾಗಾದರೆ ಇವತ್ತು ವಿಶ್ರಾಂತಿ ಪಡೆ ಎಂದು ತಂಡದ ಮ್ಯಾನೇಜರ್ ಮಿಲರ್ ಹಗಿನ್ಸ್ ಹೇಳಿದನಂತೆ. ಅಂದು ಪಿಪ್‌ನ ಜಾಗದಲ್ಲಿ ನಿಂತವನು ಲೂ ಗೆಹ್ರಿಗ್ ಎಂಬ ತರುಣ. ಆ ತರುಣ 1939ರ ವಸಂತದವರೆಗೆ ಒಂದು ಪಂದ್ಯವನ್ನೂ ತಪ್ಪಿಸದೆ, ಸತತವಾಗಿ 2,130 ಪಂದ್ಯಗಳನ್ನು ಆಡಿದ. ಪಿಪ್‌ಗೆ ಆ ಜಾಗ ಮತ್ತೆ ದಕ್ಕಲಿಲ್ಲ. ಒಂದು ದಿನ ರಜೆ ಹಾಕಿ ತನ್ನ ಸ್ಥಾನ ಕಳೆದುಕೊಳ್ಳುವವನನ್ನು ಕುರಿತು ಅಲ್ಲಿನ ಜನ ಇಂದಿಗೂ ಪಿಪ್‌ನ ಹೆಸರು ಹೇಳಿ ಎಚ್ಚರಿಸುವುದುಂಟು.

ಕಥೆ ಸೊಗಸಾಗಿದೆ. ಆದರೆ ಮೂರು ದಶಕಗಳಿಗೂ ಹೆಚ್ಚು ಕಾಲ ಮಕ್ಕಳಿಗೆ ಇತಿಹಾಸ ಬೋಧಿಸಿದ ನನ್ನಂಥವನಿಗೆ, ಸೊಗಸಾದ ಕಥೆಯನ್ನು ಕೇಳಿದೊಡನೆ ಅದರ ತಾರೀಖುಗಳನ್ನು ಪರಿಶೀಲಿಸುವ ಚಾಳಿ. ದಾಖಲೆಗಳು ಹೇಳುವುದು ಬೇರೆ. ಆ ವರ್ಷ ಯಾಂಕೀಸ್ ತಂಡ ದುಃಸ್ಥಿತಿಯಲ್ಲಿತ್ತು. ತಂಡದ ಆಧಾರಸ್ತಂಭವಾಗಿದ್ದ ಬೇಬ್ ರೂತ್ ಏಪ್ರಿಲ್‌ನಲ್ಲಿ ಕಾಯಿಲೆಯಿಂದ ಕುಸಿದು ಬಿದ್ದು, ಶಸ್ತ್ರಚಿಕಿತ್ಸೆಗೆ ಒಳಗಾಗಿ, ಮೈದಾನಕ್ಕೆ ಮರಳಿದ್ದೇ ಜೂನ್ 1ರಂದು. ಗೆಹ್ರಿಗ್‌ನ ದೀರ್ಘ ಸರಣಿ ಆರಂಭವಾದದ್ದೂ ಅದೇ ದಿನ. ಅಂದು ಆತ ಬೇರೊಬ್ಬನ ಬದಲಿಗೆ ಒಂದು ಸಲ ಬ್ಯಾಟ್ ಹಿಡಿದಿದ್ದ. ಮರುದಿನ ಹಗಿನ್ಸ್ ಪಿಪ್‌ನೊಬ್ಬನನ್ನೇ ಅಲ್ಲ, ಸರಿಯಾಗಿ ಆಡದಿದ್ದ ಇನ್ನಿಬ್ಬರು ಹಿರಿಯರನ್ನೂ ಕೂರಿಸಿದ. ಪಿಪ್‌ನ ತಲೆಗೆ ನಿಜವಾಗಿ ಪೆಟ್ಟು ಬಿದ್ದದ್ದು ಒಂದು ತಿಂಗಳ ನಂತರ, ಜುಲೈ 2ರಂದು, ಅಭ್ಯಾಸದ ವೇಳೆ ಚೆಂಡು ಬಡಿದು. ಆಗ ಆತ ಆಸ್ಪತ್ರೆ ಸೇರಿದ. ಜನರ ನೆನಪಿನಲ್ಲಿ ಈ ಎರಡು ಘಟನೆಗಳು ಕಲಸಿಹೋಗಿ ತಲೆನೋವಿನ ಕಥೆಯಾಯಿತು. ಮೇಲಾಗಿ, ಗೆಹ್ರಿಗ್ ಬಂದೊಡನೆ ತಂಡವೇನೂ ಉದ್ಧಾರವಾಗಲಿಲ್ಲ. ಆ ಋತುವಿನಲ್ಲಿ ಯಾಂಕೀಸ್ 69 ಗೆದ್ದು 85 ಸೋತು ಎಂಟು ತಂಡಗಳಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು.

ಗಾಯ ಮತ್ತು ಬದಲಿ ಆಟಗಾರರ ವಿಷಯದಲ್ಲಿ ಜನಪದ ಹೆಣೆಯುವ ಕಥೆ ಯಾವಾಗಲೂ ಹೀಗೆಯೇ ಇರುತ್ತದೆ. ಒಬ್ಬ ಬೀಳುತ್ತಾನೆ, ಇನ್ನೊಬ್ಬ ಏಳುತ್ತಾನೆ, ತಂಡ ಗೆಲ್ಲುತ್ತದೆ. ನಿಜವಾಗಿ ಒಂದು ಇಡೀ ಋತುವಿನಲ್ಲಿ ನಡೆಯುವುದು ಇದಕ್ಕಿಂತ ಜಟಿಲ, ಮತ್ತು ನನ್ನ ಮಟ್ಟಿಗೆ ಹೆಚ್ಚು ಮಾನವೀಯ. ಅದನ್ನು ತಿಳಿಯಲು 1957ರ ಮಿಲ್ವಾಕಿ ಬ್ರೇವ್ಸ್ ತಂಡದ ಚರಿತ್ರೆಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಕ್ರಿಕೆಟ್ಟನ್ನೇ ಬಲ್ಲ ಓದುಗ ಮಿತ್ರರಿಗಾಗಿ ಮೊದಲು ನಾಲ್ಕು ಮಾತು. ನಮ್ಮ ಕ್ರಿಕೆಟ್‌ನಲ್ಲಿ ಗಾಯಗೊಂಡವನ ಬದಲಿಗೆ ಬಂದವನು ಬಹುಕಾಲ ಕೇವಲ ಕ್ಷೇತ್ರರಕ್ಷಣೆ ಮಾಡಬಹುದಿತ್ತು, ಬ್ಯಾಟ್ ಹಿಡಿಯುವಂತಿರಲಿಲ್ಲ, ಬೌಲ್ ಮಾಡುವಂತಿರಲಿಲ್ಲ. ತಲೆಗೆ ಪೆಟ್ಟು ಬಿದ್ದವನ ಬದಲಿಗೆ ಪೂರ್ಣ ಪ್ರಮಾಣದ ಆಟಗಾರನನ್ನು ಇಳಿಸುವ ಪದ್ಧತಿ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಬಂದದ್ದು 2019ರಲ್ಲಿ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಅಲ್ಲಿ ಒಂಬತ್ತು ಜನ ಆಡುತ್ತಾರೆ, ಹೊರಗೆ ಇನ್ನಷ್ಟು ಜನ ಕಾಯುತ್ತಾರೆ. ಬದಲಿಗೆ ಬಂದವನಿಗೆ ಎಲ್ಲ ಅಧಿಕಾರವೂ ಉಂಟು. ಆದರೆ ಹೊರಗೆ ಹೋದವನು ಆ ಪಂದ್ಯಕ್ಕೆ ಮರಳುವಂತಿಲ್ಲ. ಇನ್ನು ಋತುವೆಂಬುದು ಬಹು ದೀರ್ಘ. 1957ರಲ್ಲಿ ಪ್ರತಿ ತಂಡವೂ 154 ಪಂದ್ಯಗಳನ್ನು ಆಡುತ್ತಿತ್ತು; 1960ರ ದಶಕದ ಆರಂಭದಿಂದ ಅದು 162 ಆಗಿದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬಹುತೇಕ ಪ್ರತಿದಿನ ಆಟ. ಇಷ್ಟು ಉದ್ದದ ದಾರಿಯಲ್ಲಿ ಯಾರಾದರೊಬ್ಬರು ಎಡವುವುದು ನಿಶ್ಚಿತ. ಹೀಗಾಗಿ ಪ್ರತಿ ದೊಡ್ಡ ತಂಡವೂ ಸಣ್ಣ ಊರುಗಳಲ್ಲಿ ತನ್ನದೇ ಕಿರಿಯ ತಂಡಗಳನ್ನು ಪೋಷಿಸುತ್ತದೆ. ಮೇಲಿನ ತಂಡದಲ್ಲಿ ಒಬ್ಬನ ಕಾಲು ಮುರಿದರೆ, ಕೆಳಗಿನ ತಂಡದಲ್ಲಿ ಒಬ್ಬನಿಗೆ ದೂರವಾಣಿ ಕರೆ ಹೋಗುತ್ತದೆ.

ಬ್ರೇವ್ಸ್ ತಂಡ 1953ರಲ್ಲಿ ಬಾಸ್ಟನ್ ನಗರವನ್ನು ಬಿಟ್ಟು ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಗೆ ಬಂದಿತ್ತು. ಮರುವರ್ಷ, 1954ರ ಫೆಬ್ರವರಿಯಲ್ಲಿ, ಬಾಬಿ ಥಾಮ್ಸನ್‌ನನ್ನು ಕರೆತಂದಿತು. 1951ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಪರವಾಗಿ ಕೊನೆಯ ಕ್ಷಣದ ಹೋಮ್ ರನ್ ಬಾರಿಸಿ, ತಂಡಕ್ಕೆ ನ್ಯಾಷನಲ್ ಲೀಗ್ ಪ್ರಶಸ್ತಿ ತಂದುಕೊಟ್ಟು ಮನೆಮಾತಾಗಿದ್ದವನು ಆತ. ಆದರೆ 1954ರ ಮಾರ್ಚ್ 13ರಂದು ಫ್ಲಾರಿಡಾದಲ್ಲಿ ನಡೆದ ಅಭ್ಯಾಸ ಪಂದ್ಯದಲ್ಲಿ ಬೇಸ್‌ಗೆ ಜಾರುವಾಗ ಅವನ ಕಣಕಾಲು ಮುರಿಯಿತು. ಮರುದಿನ ಅವನ ಜಾಗದಲ್ಲಿ, ಎಡ ಔಟ್‌ಫೀಲ್ಡ್‌ನಲ್ಲಿ, ಇಪ್ಪತ್ತು ವರ್ಷದ ಒಬ್ಬ ಕಪ್ಪು ಯುವಕ ನಿಂತ. ಹಿಂದಿನ ವರ್ಷ ಆತ ಜಾಕ್ಸನ್‌ವಿಲ್‌ನ ಕಿರಿಯ ತಂಡದಲ್ಲಿ ಎರಡನೆಯ ಬೇಸ್ ಕಾಯುತ್ತಿದ್ದ. ಬಿಳಿಯರಷ್ಟೇ ಆಡುತ್ತಿದ್ದ ದಕ್ಷಿಣದ ಆ ಲೀಗ್‌ನಲ್ಲಿ ಬೈಗುಳಗಳನ್ನು ಸಹಿಸಿಕೊಂಡು ಆಡಿದ ಮೊದಲ ಕೆಲವು ಕಪ್ಪು ಆಟಗಾರರಲ್ಲಿ ಅವನೂ, ಪೋರ್ಟೊ ರಿಕೊದಿಂದ ಬಂದ ಫೆಲಿಕ್ಸ್ ಮಾಂಟಿಯಾ ಎಂಬವನೂ ಇದ್ದರು. ಆ ಯುವಕನ ಹೆಸರು ಹೆನ್ರಿ ಆರನ್. ಲೋಕ ಅವನನ್ನು ಹ್ಯಾಂಕ್ ಆರನ್ ಎಂದು ಕರೆಯಿತು. ಇಪ್ಪತ್ತು ವರ್ಷಗಳ ನಂತರ, 1974ರ ಏಪ್ರಿಲ್ 8ರಂದು, ಬೇಬ್ ರೂತ್‌ನ 714 ಹೋಮ್ ರನ್‌ಗಳ ದಾಖಲೆಯನ್ನು ದಾಟಿದವನು ಅವನೇ. ನಿವೃತ್ತನಾದಾಗ ಅವನ ಲೆಕ್ಕ 755.

ಇಲ್ಲಿಯೂ ಕಥೆಗಾರ ನಿಂತುಬಿಡುತ್ತಾನೆ, ಚರಿತ್ರೆ ನಿಲ್ಲುವುದಿಲ್ಲ. ಅದೇ 1954ರ ಸೆಪ್ಟೆಂಬರ್ 5ರಂದು ಸಿನ್ಸಿನಾಟಿಯಲ್ಲಿ ಮೂರನೆಯ ಬೇಸ್‌ಗೆ ಜಾರಿದ ಆರನ್‌ನ ಕಣಕಾಲೂ ಮುರಿಯಿತು. ಅವನನ್ನು ಹೊತ್ತೊಯ್ದ ಮೇಲೆ ಅವನ ಬದಲಿಗೆ ಓಡಲು ಬೇಸ್ ಮೇಲೆ ಬಂದು ನಿಂತವನು ಯಾರು? ಅಷ್ಟು ಹೊತ್ತಿಗೆ ಗುಣಮುಖನಾಗಿ ಮರಳಿದ್ದ ಬಾಬಿ ಥಾಮ್ಸನ್! ಆರು ತಿಂಗಳ ಹಿಂದೆ ಯಾರ ಮುರಿದ ಕಾಲಿನಿಂದ ತನಗೆ ಜಾಗ ಸಿಕ್ಕಿತೋ, ತನ್ನ ಕಾಲು ಮುರಿದಾಗ ಅವನೇ ತನ್ನ ಬದಲಿಗೆ ಬಂದ. ಕಾದಂಬರಿಯಲ್ಲಿ ಬರೆದರೆ ನಂಬಲಾಗದು.

ಈಗ 1957ಕ್ಕೆ ಬರೋಣ. ಅದರ ಹಿಂದಿನ ವರ್ಷದ ನೋವನ್ನು ತಿಳಿಯದೆ ಆ ವರ್ಷದ ಆತಂಕ ಅರ್ಥವಾಗದು. 1956ರಲ್ಲಿ ಬ್ರೇವ್ಸ್ 92 ಪಂದ್ಯ ಗೆದ್ದಿತ್ತು. ಬ್ರೂಕ್ಲಿನ್ ಡಾಡ್ಜರ್ಸ್ 93. ಕೊನೆಯ ವಾರಾಂತ್ಯದಲ್ಲಿ ತಂಡದ ಮಹಾನ್ ಎಡಗೈ ಪಿಚರ್ ವಾರನ್ ಸ್ಪಾನ್ ಸೇಂಟ್ ಲೂಯಿಸ್‌ನಲ್ಲಿ ಹನ್ನೆರಡು ಇನಿಂಗ್ಸ್ ಎಸೆದೂ 2-1ರಿಂದ ಸೋತಿದ್ದ. ಒಂದೇ ಒಂದು ಪಂದ್ಯದ ಅಂತರದಲ್ಲಿ ಪ್ರಶಸ್ತಿ ಕೈತಪ್ಪಿತ್ತು. ಇಂದಿನ ಅಂಕಿಅಂಶ ಪಂಡಿತರು ಆಟಗಾರನ ಬೆಲೆ ಕಟ್ಟಲು ಬಳಸುವ ಮಾನದಂಡವೇ ಬದಲಿ ಆಟಗಾರ. ಕೆಳಗಿನ ತಂಡದಿಂದ ಸುಲಭವಾಗಿ ಕರೆತರಬಹುದಾದ ಸಾಧಾರಣ ಆಟಗಾರನಿಗಿಂತ ಇವನು ಎಷ್ಟು ಗೆಲುವು ಹೆಚ್ಚು ತಂದುಕೊಡುತ್ತಾನೆ ಎಂಬುದು ಅವರ ಪ್ರಶ್ನೆ. ಆ ಲೆಕ್ಕದಲ್ಲಿ ಉತ್ತಮ ಆಟಗಾರನೊಬ್ಬ ಇಡೀ ಋತುವಿಗೆ ಐದಾರು ಗೆಲುವುಗಳಷ್ಟು ಬಾಳುತ್ತಾನೆ. ಅಂದರೆ ಅಂಥವನು ಅರ್ಧ ಋತು ಮಲಗಿದರೆ ನಷ್ಟ ಎರಡು ಮೂರು ಪಂದ್ಯ. ಕೇಳಲು ಅಲ್ಪವೆನಿಸುತ್ತದೆ. ಆದರೆ ಒಂದೇ ಪಂದ್ಯದಿಂದ ಪ್ರಶಸ್ತಿ ಕಳೆದುಕೊಂಡ ಊರಿನವರನ್ನು ಕೇಳಿದರೆ ಅದರ ಬೆಲೆ ತಿಳಿಯುತ್ತದೆ.

1957ರ ಜೂನ್ 15ರಂದು ಬ್ರೇವ್ಸ್ ಒಂದು ಮಹತ್ವದ ವಿನಿಮಯ ಮಾಡಿತು. ಥಾಮ್ಸನ್‌ನೂ ಸೇರಿ ಮೂವರನ್ನು ಜೈಂಟ್ಸ್‌ಗೆ ಕೊಟ್ಟು ಎರಡನೆಯ ಬೇಸ್‌ಗೆ ರೆಡ್ ಶೇನ್‌ಡೀನ್ಸ್ಟ್‌ನನ್ನು ತಂದಿತು. ಆ ಕಾಲದಲ್ಲಿ ಅದೇ ವಿನಿಮಯದ ಕೊನೆಯ ದಿನ. ಅನಂತರ ಏನೇ ಆದರೂ ಬಹುಮಟ್ಟಿಗೆ ಮನೆಯಲ್ಲಿದ್ದುದರಲ್ಲೇ ಸಂಸಾರ ತೂಗಿಸಬೇಕು. ಬಾಗಿಲು ಮುಚ್ಚಿದ ಎಂಟೇ ದಿನಗಳಲ್ಲಿ, ಜೂನ್ 23ರಂದು, ಮೊದಲ ಬೇಸ್‌ನ ಬಲಿಷ್ಠ ಆಟಗಾರ ಜೋ ಆಡ್‌ಕಾಕ್‌ನ ಕಾಲಿನ ಮೂಳೆ ಮುರಿಯಿತು. ಅವನ ಜಾಗಕ್ಕೆ ಫ್ರಾಂಕ್ ಟೋರಿ ಬಂದ. ಮುಂದೆ ಯಾಂಕೀಸ್‌ನ ಮ್ಯಾನೇಜರ್ ಆಗಿ ಖ್ಯಾತನಾದ ಜೋ ಟೋರಿಯ ಅಣ್ಣ. ಟೋರಿಗೂ ಒಬ್ಬ ಬದಲಿ ಬೇಕಲ್ಲವೆ? ಅದಕ್ಕಾಗಿ ಪಶ್ಚಿಮ ತೀರದ ಸ್ಯಾಕ್ರಮೆಂಟೊ ತಂಡದಿಂದ ನಿಪ್ಪಿ ಜೋನ್ಸ್ ಎಂಬವನನ್ನು ಕರೆಸಿದರು. ಆತ 1952ರ ನಂತರ ದೊಡ್ಡ ಲೀಗ್‌ನಲ್ಲಿ ಆಡಿಯೇ ಇರಲಿಲ್ಲ. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

ಅನಂತರ ಜುಲೈ 11. ಪಿಟ್ಸ್‌ಬರ್ಗ್‌ನಲ್ಲಿ ಮೇಲಕ್ಕೆ ಚಿಮ್ಮಿದ ಒಂದು ಚೆಂಡಿನತ್ತ ಮಧ್ಯ ಔಟ್‌ಫೀಲ್ಡ್‌ನಿಂದ ಬಿಲ್ ಬ್ರೂಟನ್ ಓಡಿಬಂದ. ಒಳಗಿನಿಂದ ಫೆಲಿಕ್ಸ್ ಮಾಂಟಿಯಾ ಹಿಮ್ಮುಖವಾಗಿ ಓಡಿದ. ಇಬ್ಬರ ಕಣ್ಣೂ ಆಕಾಶದಲ್ಲಿ. ಇಬ್ಬರೂ ಭಯಂಕರವಾಗಿ ಡಿಕ್ಕಿ ಹೊಡೆದರು. ಬ್ರೂಟನ್‌ನ ಮಂಡಿಯ ಅಸ್ಥಿರಜ್ಜುಗಳು ಹರಿದವು. 1953, 1954, 1955 ಈ ಮೂರೂ ವರ್ಷ ನ್ಯಾಷನಲ್ ಲೀಗ್‌ನಲ್ಲಿ ಅತ್ಯಧಿಕ ಬೇಸ್‌ಗಳನ್ನು ಕದ್ದವನು ಆತ. ಕಾಲುಗಳೇ ಅವನ ಬಂಡವಾಳ. ಆ ಋತುವಿನ ಪಾಲಿಗೆ ಅವನ ಆಟ ಮುಗಿಯಿತು. ಆಗ ಲೀಗ್‌ನ ಮೇಲ್ತುದಿಯಲ್ಲಿ ಐದು ತಂಡಗಳು ಕೆಲವೇ ಪಂದ್ಯಗಳ ಅಂತರದಲ್ಲಿ ಒಂದನ್ನೊಂದು ಮೆಟ್ಟಿಕೊಂಡು ನಿಂತಿದ್ದವು.

ಮ್ಯಾನೇಜರ್ ಫ್ರೆಡ್ ಹೇನಿ ಮಾಡಿದ ಮೊದಲ ಕೆಲಸ ಹೊಸಬನನ್ನು ಹುಡುಕುವುದಲ್ಲ, ಹಳಬನನ್ನು ಸರಿಸುವುದು. ಬಲ ಔಟ್‌ಫೀಲ್ಡ್‌ನಲ್ಲಿದ್ದ ಆರನ್ ಮಧ್ಯಕ್ಕೆ ಬಂದ. ಮೈದಾನದಲ್ಲಿ ಅತಿ ವಿಸ್ತಾರವಾದ ಪ್ರದೇಶವನ್ನು ಕಾಯುವ ಹೊರೆಯನ್ನು ಹೊತ್ತುಕೊಂಡೇ ಆತ ಆ ವರ್ಷ 44 ಹೋಮ್ ರನ್, 132 ರನ್‌ಗಳ ಗಳಿಕೆಯೊಡನೆ ಲೀಗ್‌ನ ಅತ್ಯಮೂಲ್ಯ ಆಟಗಾರನೆನಿಸಿದ. ಬದಲಿ ವ್ಯವಸ್ಥೆಯ ಗುಟ್ಟು ಇಲ್ಲಿದೆ ಎಂದು ನನಗೆ ತೋರುತ್ತದೆ. ಗಾಯಗೊಂಡವನ ಜಾಗವನ್ನು ನಿಜವಾಗಿ ತುಂಬುವವನು ಹೊಸಬನಲ್ಲ. ಹೊಸಬನಿಗೆ ಹಗುರವಾದ ಜಾಗವನ್ನು ಬಿಟ್ಟುಕೊಟ್ಟು ತಾನು ಭಾರವಾದ ಜಾಗಕ್ಕೆ ಹೋಗುವ ಹಳಬ. ಅವನ ಈ ಶ್ರಮವನ್ನು ಯಾವ ಅಂಕಪಟ್ಟಿಯೂ ಬೇರೆಯಾಗಿ ನಮೂದಿಸುವುದಿಲ್ಲ.

ತೆರವಾದ ಔಟ್‌ಫೀಲ್ಡ್‌ಗೆ ಜುಲೈ ಕೊನೆಯ ವಾರದಲ್ಲಿ ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿದ್ದ ಕಿರಿಯ ತಂಡದಿಂದ ಬಂದವನು ಬಾಬ್ ಹೇಝಲ್. ದಕ್ಷಿಣ ಕೆರೊಲಿನಾದವನು, ವಯಸ್ಸು ಇಪ್ಪತ್ತಾರು. ಹಿಂದಿನ ವರ್ಷ ಸಿನ್ಸಿನಾಟಿ ತಂಡ ಅವನನ್ನು ಇನ್ನೊಬ್ಬನೊಡನೆ ಸೇರಿಸಿ ಬ್ರೇವ್ಸ್‌ಗೆ ಕೊಟ್ಟು, ಪ್ರತಿಯಾಗಿ ಜಾರ್ಜ್ ಕ್ರೋ ಎಂಬವನನ್ನು ಪಡೆದಿತ್ತು. ವಿಚಿತ್ರವೆಂದರೆ ಆ ಕ್ರೋ ಕೂಡ 1957ರಲ್ಲಿ ಸಿನ್ಸಿನಾಟಿಯಲ್ಲಿ ಬೆನ್ನುನೋವಿನಿಂದ ಬಳಲುತ್ತಿದ್ದ ಟೆಡ್ ಕ್ಲುಸೆವ್‌ಸ್ಕಿಯ ಬದಲಿಗೆ ನಿಂತು 31 ಹೋಮ್ ರನ್ ಹೊಡೆದ. ಒಂದೇ ವಿನಿಮಯದ ಎರಡು ತುದಿಗಳಲ್ಲಿದ್ದ ಇಬ್ಬರೂ ಒಂದೇ ವರ್ಷ ಗಾಯಾಳುಗಳ ಜಾಗದಲ್ಲಿ ಮೆರೆದರು.

ಬೇಸ್‌ಬಾಲ್‌ನಲ್ಲಿ ಹತ್ತು ಅವಕಾಶಗಳಲ್ಲಿ ಮೂರು ಸಲ ಸರಿಯಾಗಿ ಹೊಡೆದವನು ಉತ್ತಮ ಬ್ಯಾಟ್ಸ್‌ಮನ್. ಇಡೀ ಋತುವಿನಲ್ಲಿ ಹತ್ತಕ್ಕೆ ನಾಲ್ಕರಂತೆ ಹೊಡೆಯುವುದನ್ನು ನ್ಯಾಷನಲ್ ಮತ್ತು ಅಮೆರಿಕನ್ ಲೀಗ್‌ಗಳಲ್ಲಿ 1941ರ ಟೆಡ್ ವಿಲಿಯಮ್ಸ್ ನಂತರ ಯಾರೂ ಸಾಧಿಸಿಲ್ಲ. ಹೇಝಲ್ ಆ ವರ್ಷ ಆಡಿದ 41 ಪಂದ್ಯಗಳಲ್ಲಿ 134 ಅವಕಾಶಗಳಿಗೆ 54 ಹಿಟ್ ಹೊಡೆದ. ಭಾಗಿಸಿ ನೋಡಿ: 0.403. ಜೊತೆಗೆ ಏಳು ಹೋಮ್ ರನ್. 1954ರಲ್ಲಿ ಕೆರೊಲಿನಾ ತೀರವನ್ನು ಧ್ವಂಸಗೊಳಿಸಿದ ಚಂಡಮಾರುತದ ಹೆಸರೂ ಹೇಝಲ್ ಆಗಿತ್ತು. ಹೀಗಾಗಿ ಜನ ಅವನನ್ನು ಚಂಡಮಾರುತ ಹೇಝಲ್ ಎಂದರು. ಆಗಸ್ಟ್‌ನಲ್ಲಿ ಬ್ರೇವ್ಸ್ ಉಳಿದವರನ್ನು ಹಿಂದಿಕ್ಕಿ ಮುನ್ನಡೆಯಿತು. ಸೆಪ್ಟೆಂಬರ್ 23ರ ರಾತ್ರಿ ಹನ್ನೊಂದನೆಯ ಇನಿಂಗ್ಸ್‌ನಲ್ಲಿ ಆರನ್ ಬಾರಿಸಿದ ಹೋಮ್ ರನ್‌ನಿಂದ ಲೀಗ್ ಪ್ರಶಸ್ತಿ ನಿಶ್ಚಿತವಾಯಿತು. ಕೊನೆಯ ಲೆಕ್ಕ 95 ಗೆಲುವು, 59 ಸೋಲು. ಸೇಂಟ್ ಲೂಯಿಸ್‌ಗಿಂತ ಎಂಟು ಪಂದ್ಯ ಮುಂದೆ.

ಅನಂತರ ವರ್ಲ್ಡ್ ಸೀರೀಸ್. ಎದುರಾಳಿ ಯಾಂಕೀಸ್. ನಾಲ್ಕು ಗೆದ್ದವರು ಜಗಜ್ಜೇತರು. ಮೂರು ಪಂದ್ಯಗಳಾದಾಗ ಯಾಂಕೀಸ್ 2-1ರಿಂದ ಮುಂದಿತ್ತು. ಅಕ್ಟೋಬರ್ 6ರಂದು ಮಿಲ್ವಾಕಿಯಲ್ಲಿ ನಾಲ್ಕನೆಯ ಪಂದ್ಯ. ಗೆದ್ದೆವೆಂದುಕೊಂಡಿದ್ದ ಬ್ರೇವ್ಸ್ ಒಂಬತ್ತನೆಯ ಇನಿಂಗ್ಸ್‌ನಲ್ಲಿ ಮುನ್ನಡೆ ಕಳೆದುಕೊಂಡು, ಹತ್ತನೆಯದರಲ್ಲಿ 5-4ರಿಂದ ಹಿಂದೆ ಬಿತ್ತು. ಸೋತರೆ ಬಹುತೇಕ ಎಲ್ಲವೂ ಮುಗಿದಂತೆ. ಪಿಚರ್ ಸ್ಪಾನ್‌ನ ಬದಲಿಗೆ ಬ್ಯಾಟ್ ಹಿಡಿಯಲು ಹೇನಿ ಕಳುಹಿಸಿದ್ದು ನಿಪ್ಪಿ ಜೋನ್ಸ್‌ನನ್ನು. ಒಂದು ತಗ್ಗಾದ ಎಸೆತ ನೆಲಕ್ಕೆ ಬಡಿದು ಹಿಂದಕ್ಕೆ ಉರುಳಿತು. ಚೆಂಡು ತನ್ನ ಪಾದಕ್ಕೆ ತಗುಲಿತೆಂದು ಜೋನ್ಸ್ ವಾದಿಸಿದ. ಎಸೆತ ಮೈಗೆ ತಗುಲಿದರೆ ಮೊದಲ ಬೇಸ್ ಪುಕ್ಕಟೆ. ಅಂಪೈರ್ ಆಗಿ ನಿಂತಿದ್ದ ಆಗಿ ಡೊನಾಟೆಲ್ಲಿ ಒಪ್ಪಲಿಲ್ಲ. ಆಗ ಚೆಂಡನ್ನು ತಂದು ತೋರಿಸಿದರು. ಅದರ ಮೇಲೆ ಬೂಟ್ ಪಾಲಿಶ್‌ನ ಕಪ್ಪು ಗುರುತು! ಮಿರುಗುವಂತೆ ಉಜ್ಜಿದ ಬೂಟು ಸಾಕ್ಷಿ ನುಡಿದಿತ್ತು. ಜೋನ್ಸ್‌ಗೆ ಬೇಸ್ ಸಿಕ್ಕಿತು. ಅವನ ಬದಲಿಗೆ ಓಡಲು ಬಂದವನು ಜುಲೈನಲ್ಲಿ ಬ್ರೂಟನ್‌ಗೆ ಡಿಕ್ಕಿ ಹೊಡೆದಿದ್ದ ಅದೇ ಮಾಂಟಿಯಾ. ಜಾನಿ ಲೋಗನ್‌ನ ಹೊಡೆತಕ್ಕೆ ಮಾಂಟಿಯಾ ಮನೆ ಸೇರಿ ಸಮಬಲ. ಎಡ್ಡಿ ಮ್ಯಾಥ್ಯೂಸ್‌ನ ಹೋಮ್ ರನ್‌ಗೆ 7-5ರ ಗೆಲುವು. ಸರಣಿ 2-2 ಆಯಿತು. ಜೋನ್ಸ್‌ನ ಪಾಲಿಗೆ ದೊಡ್ಡ ಲೀಗ್‌ನ ಮೈದಾನದಲ್ಲಿ ಅದೇ ಕೊನೆಯ ಸರದಿ. ಬ್ಯಾಟಿಗೆ ಚೆಂಡು ತಾಗದೆಯೇ, ಬೂಟಿಗೆ ತಾಗಿ ಆತ ಚರಿತ್ರೆ ಸೇರಿದ.

ಏಳನೆಯ, ನಿರ್ಣಾಯಕ ಪಂದ್ಯಕ್ಕೆ ಎಸೆಯಬೇಕಾಗಿದ್ದವನು ಸ್ಪಾನ್. ಅವನಿಗೆ ಫ್ಲೂ ಜ್ವರ. ಅವನ ಬದಲಿಗೆ ಲ್ಯೂ ಬರ್ಡೆಟ್ ಎರಡೇ ದಿನಗಳ ವಿಶ್ರಾಂತಿಯ ನಂತರ ಅಕ್ಟೋಬರ್ 10ರಂದು ಯಾಂಕೀ ಸ್ಟೇಡಿಯಮ್‌ನಲ್ಲಿ ಇಳಿದ. ಮೂರನೆಯ ಇನಿಂಗ್ಸ್‌ನಲ್ಲಿ ಬ್ರೇವ್ಸ್ ಗಳಿಸಿದ ನಾಲ್ಕು ರನ್‌ಗಳಿಗೆ ನಾಂದಿ ಹಾಡಿದ್ದು ಹೇಝಲ್‌ನ ಒಂದು ಹಿಟ್. ಇಡೀ ಸರಣಿಯಲ್ಲಿ 13 ಅವಕಾಶಗಳಿಗೆ ಅವನು ಹೊಡೆದದ್ದೇ ಎರಡು. ಎರಡೂ ಆ ಕೊನೆಯ ಪಂದ್ಯದಲ್ಲೇ. ಬರ್ಡೆಟ್ ಒಂದು ರನ್ನನ್ನೂ ಬಿಟ್ಟುಕೊಡದೆ 5-0ರಿಂದ ಗೆಲ್ಲಿಸಿದ. ಆಡ್‌ಕಾಕ್‌ನ ಬದಲಿಯಾಗಿ ಬಂದ ಟೋರಿ ಆ ಸರಣಿಯಲ್ಲಿ ಎರಡು ಹೋಮ್ ರನ್ ಹೊಡೆದಿದ್ದ. ಬ್ರೇವ್ಸ್ ಮಿಲ್ವಾಕಿಯಲ್ಲಿದ್ದ ಕಾಲದಲ್ಲಿ ಆ ಊರು ಕಂಡ ಒಂದೇ ಒಂದು ವಿಶ್ವ ಪ್ರಶಸ್ತಿ ಅದು. 1966ರಲ್ಲಿ ತಂಡ ಅಟ್ಲಾಂಟಾಕ್ಕೆ ಹೊರಟುಹೋಯಿತು.

ಇಷ್ಟೆಲ್ಲ ನನಗೆ ಆಸಕ್ತಿ ಹುಟ್ಟಿಸಿದ್ದು ಕೆಲವು ವರ್ಷಗಳ ಹಿಂದೆ, ಮಗಳ ಸಂಸಾರ ಮಿಲ್ವಾಕಿಯಲ್ಲಿದ್ದಾಗ. ಹಳೆಯ ಕೌಂಟಿ ಸ್ಟೇಡಿಯಮ್ಮನ್ನು 2001ರಲ್ಲೇ ಕೆಡವಿದ್ದರು; ಅದು ನಿಂತಿದ್ದ ನೆಲದಲ್ಲಿ ಈಗ ಮಕ್ಕಳು ಆಡುವ ಒಂದು ಚಿಕ್ಕ ಮೈದಾನವಿದೆ. ನೆರೆಮನೆಯ ವೃದ್ಧರೊಬ್ಬರು ಸಂಜೆಯ ನಡಿಗೆಯಲ್ಲಿ ನನಗೆ ಜೊತೆಯಾಗುತ್ತಿದ್ದರು. 1957ರಲ್ಲಿ ಅವರು ಹತ್ತು ವರ್ಷದ ಹುಡುಗ. ಹೇಝಲ್‌ನ 0.403 ಅವರ ನಾಲಗೆಯ ತುದಿಯಲ್ಲಿತ್ತು. ಆದರೆ ಆತ ಯಾರ ಬದಲಿಗೆ ಬಂದ ಎಂದು ನಾನು ಕೇಳಿದಾಗ ಬ್ರೂಟನ್‌ನ ಹೆಸರು ಹೊರಬರಲು ಅವರಿಗೆ ಅರೆಗಳಿಗೆ ಹಿಡಿಯಿತು. ಆ ಅರೆಗಳಿಗೆ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ಹೇಝಲ್‌ನ ಮುಂದಿನ ಕಥೆ ಸಂಕ್ಷಿಪ್ತ. 1958ರ ವಸಂತದಲ್ಲಿ ಎಸೆತವೊಂದು ಅವನ ತಲೆಗೆ ಬಡಿಯಿತು. ಬ್ಯಾಟು ಮೊದಲಿನಂತೆ ನುಡಿಯಲಿಲ್ಲ; ಇಪ್ಪತ್ತು ಪಂದ್ಯಗಳಲ್ಲಿ 0.179. ಮೇ ತಿಂಗಳಲ್ಲಿ ತಂಡ ಅವನನ್ನು ಡೆಟ್ರಾಯ್ಟ್‌ಗೆ ಮಾರಿತು. ಆ ವರ್ಷದ ನಂತರ ದೊಡ್ಡ ಲೀಗ್‌ನಲ್ಲಿ ಅವನ ಹೆಸರಿಲ್ಲ. ಇಡೀ ವೃತ್ತಿಜೀವನದಲ್ಲಿ ಆಡಿದ್ದು 110 ಪಂದ್ಯ. ಅತ್ತ ಬ್ರೂಟನ್ ಮಂಡಿ ಗುಣವಾಗಿ ಅದೇ 1958ರಲ್ಲಿ ಮರಳಿದ. ಬ್ರೇವ್ಸ್ ಸೋತ ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ 0.412ರಂತೆ ಹೊಡೆದ. ಆದರೆ ಗೆದ್ದ ವರ್ಷ ಅವನು ಮೈದಾನದ ಹೊರಗಿದ್ದ, ಹೊಡೆದ ವರ್ಷ ತಂಡ ಸೋತಿತು. ಹೀಗಾಗಿ ನೆನಪು ಅವನ ಕಡೆ ತಿರುಗಲೇ ಇಲ್ಲ.

ಹೇಝಲ್‌ನದು ಬರಿಯ ಅದೃಷ್ಟವೆಂದು ಹೇಳುವವರಿದ್ದಾರೆ. ಗಣಿತ ಅವರ ಪರವಾಗಿದೆ. 134 ಅವಕಾಶಗಳೆಂಬುದು ಅತಿ ಚಿಕ್ಕ ಮಾದರಿ. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಏಳು ಸಲ ರಾಜನ ಮುಖ ಬೀಳಬಹುದು. ಸಾವಿರ ಸಲ ಚಿಮ್ಮಿದರೆ ಏಳುನೂರು ಸಲ ಬೀಳುವುದಿಲ್ಲ. ಒಂದೂವರೆ ತಿಂಗಳ ಆಟದಿಂದ ಒಬ್ಬನನ್ನು ಮಹಾನ್ ಎನ್ನುವುದು ಹೇಗೆ ತಪ್ಪೋ, ಮುಂದಿನ ಒಂದೂವರೆ ತಿಂಗಳ ಆಟದಿಂದ ಅವನನ್ನು ನಿಷ್ಪ್ರಯೋಜಕ ಎನ್ನುವುದೂ ಹಾಗೆಯೇ ತಪ್ಪು. ಇನ್ನೂ ಒಂದು ವಾದವಿದೆ. ತಂಡ ಎಂಟು ಪಂದ್ಯಗಳ ಅಂತರದಿಂದ ಗೆದ್ದಿತಲ್ಲ; ಹೇಝಲ್ ಸಾಧಾರಣವಾಗಿ ಆಡಿದ್ದರೂ ಎರಡು ಮೂರು ಗೆಲುವು ಕಡಿಮೆಯಾಗುತ್ತಿತ್ತಷ್ಟೆ, ಪ್ರಶಸ್ತಿ ಬರುತ್ತಲೇ ಇತ್ತು ಎನ್ನುವುದು ಆ ವಾದ.

ಇದನ್ನು ನಾನು ಒಪ್ಪಲಾರೆ. ಎಂಟು ಪಂದ್ಯಗಳ ಅಂತರವೆಂಬುದು ಸೆಪ್ಟೆಂಬರ್ ಕೊನೆಯಲ್ಲಿ ಹಿಂತಿರುಗಿ ನೋಡಿದವರಿಗೆ ಕಾಣುವ ಸತ್ಯ. ಜುಲೈ ಕೊನೆಯಲ್ಲಿ ಅದು ಯಾರಿಗೂ ಕಾಣುತ್ತಿರಲಿಲ್ಲ. ಆಗ ಕಾಣುತ್ತಿದ್ದುದು ಹಿಂದಿನ ವರ್ಷ ಒಂದು ಪಂದ್ಯದಿಂದ ಸೋತ ನೆನಪು, ಮುರಿದ ಒಂದು ಕಾಲು, ಹರಿದ ಒಂದು ಮಂಡಿ, ಮುಚ್ಚಿಹೋದ ವಿನಿಮಯದ ಬಾಗಿಲು. ತರಗತಿಯಲ್ಲಿ ಮಕ್ಕಳಿಗೆ ನಾನು ಪದೇ ಪದೇ ಹೇಳುತ್ತಿದ್ದ ಮಾತೊಂದಿದೆ: ಯುದ್ಧದ ಫಲಿತಾಂಶ ತಿಳಿದ ನಾವು, ಅದು ತಿಳಿಯದೆ ಹೋರಾಡಿದವರ ಧೈರ್ಯವನ್ನು ಅಳೆಯಬಾರದು. ಸಂಶಯದ ಆ ದಿನಗಳಲ್ಲಿ ಪ್ರತಿಸಂಜೆ ಹೊಡೆದ ಒಂದೊಂದು ಹಿಟ್ ಮಾಡಿದ ಕೆಲಸ ಕೇವಲ ರನ್ ತಂದದ್ದಲ್ಲ. ಕುಸಿಯಬಹುದಾಗಿದ್ದ ಇಪ್ಪತ್ತೈದು ಜನರ ನಂಬಿಕೆಯನ್ನು ಎತ್ತಿ ಹಿಡಿದದ್ದು.

ಶಾಲೆಗಳಲ್ಲಿ ದುಡಿದವರಿಗೆ ಈ ವಿಷಯ ಅಪರಿಚಿತವಲ್ಲ. ಹಿರಿಯ ಶಿಕ್ಷಕರೊಬ್ಬರು ಅಪಘಾತದಲ್ಲಿ ಕಾಲು ಮುರಿದುಕೊಂಡು ಮಲಗಿದಾಗ, ನಮ್ಮಲ್ಲಿಗೆ ಒಂದು ಅವಧಿಯ ಮಟ್ಟಿಗೆ ತಾತ್ಕಾಲಿಕವಾಗಿ ಬಂದ ತರುಣರೊಬ್ಬರು ಹತ್ತನೆಯ ತರಗತಿಗೆ ಗಣಿತ ಹೇಳಿಕೊಟ್ಟರು. ಭಿನ್ನರಾಶಿಗೆ ಬೆದರುತ್ತಿದ್ದ ಮಕ್ಕಳು ಆ ವರ್ಷ ತೇರ್ಗಡೆಯಾದರು. ಹಿರಿಯರು ಮರಳಿದ ಮೇಲೆ ಅವರು ಹೊರಟುಹೋದರು. ಶಾಲೆಯ ಫಲಿತಾಂಶದ ಫಲಕದಲ್ಲಿ ಅವರ ಹೆಸರಿಗೆ ಕಲಮು ಇರಲಿಲ್ಲ. ಆದರೆ ತೇರ್ಗಡೆಯಾದ ಮಕ್ಕಳು ನಿಜ, ಅವರು ಕಟ್ಟಿಕೊಂಡ ಬದುಕು ನಿಜ. ಅಲ್ಪಕಾಲ ನಡೆದದ್ದು ನಡೆಯಲೇ ಇಲ್ಲವೆಂದು ಅರ್ಥವಲ್ಲ.

ಕಾಲ ಬದಲಾಗಿದೆ. ಇಂದು ತಂಡಗಳಲ್ಲಿ ವೈದ್ಯರ ದಂಡೇ ಇದೆ. ಗಾಯಾಳುಗಳ ಅಧಿಕೃತ ಪಟ್ಟಿಗೆ ಇದ್ದ, ಅಂಗವಿಕಲತೆಯನ್ನು ಸೂಚಿಸುವ ಹಳೆಯ ಹೆಸರನ್ನು ತೆಗೆದು 2019ರಲ್ಲಿ ಗಾಯಾಳು ಪಟ್ಟಿ ಎಂದೇ ಕರೆದರು. ಆದರೂ ಪಾಠ ಹಳೆಯದೇ. ಅದೇ ಬ್ರೇವ್ಸ್ ತಂಡ, ಈಗ ಅಟ್ಲಾಂಟಾದ್ದು, 2021ರ ಜುಲೈ 10ರಂದು ತನ್ನ ಅತ್ಯುತ್ತಮ ಆಟಗಾರ ರೊನಾಲ್ಡ್ ಅಕುನ್ಯಾನನ್ನು ಮಂಡಿಯ ಗಾಯಕ್ಕೆ ಕಳೆದುಕೊಂಡಿತು. ಆಗ ತಂಡದ ಗೆಲುವುಗಳು ಸೋಲುಗಳಿಗಿಂತ ಹೆಚ್ಚಿರಲಿಲ್ಲ. ಆ ತಿಂಗಳು ಮುಗಿಯುವುದರೊಳಗೆ ಜೋಕ್ ಪೀಡರ್‌ಸನ್, ಹೋರ್ಹೆ ಸೊಲೇರ್, ಎಡ್ಡಿ ರೊಸಾರಿಯೊ, ಆ್ಯಡಮ್ ಡುವಾಲ್ ಎಂಬ ನಾಲ್ವರು ಔಟ್‌ಫೀಲ್ಡರ್‌ಗಳನ್ನು ಬೇರೆ ಬೇರೆ ತಂಡಗಳಿಂದ ತಂದರು. ಅವರಲ್ಲಿ ರೊಸಾರಿಯೊ ಲೀಗ್ ಫೈನಲ್‌ನ, ಸೊಲೇರ್ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರರಾದರು. ಆ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ಪಿಚರ್ ಚಾರ್ಲಿ ಮಾರ್ಟನ್‌ನ ಕಾಲಿನ ಮೂಳೆ ಚೆಂಡು ಬಡಿದು ಮುರಿಯಿತು. ಆತ ಮುರಿದ ಕಾಲಿನಲ್ಲೇ ಇನ್ನೂ 16 ಎಸೆತ ಎಸೆದು ಹೊರನಡೆದ. ಅಲ್ಲಿಂದ ಮುಂದಕ್ಕೆ ಬದಲಿಗಳೇ ಪಂದ್ಯ ಉಳಿಸಿದರು. ನವೆಂಬರ್ 2ರಂದು ತಂಡ ಪ್ರಶಸ್ತಿ ಗೆದ್ದಿತು. ಅದೇ ವರ್ಷದ ಜನವರಿ 22ರಂದು ಹ್ಯಾಂಕ್ ಆರನ್ ತೀರಿಕೊಂಡಿದ್ದ.

ಎಲ್ಲ ತಂಡಗಳಿಗೂ ಗಾಯಗಳು ಬರುತ್ತವೆ, ಎಲ್ಲವೂ ಗೆಲ್ಲುವುದಿಲ್ಲ. ವ್ಯತ್ಯಾಸವಿರುವುದು ಗಾಯದಲ್ಲಿ ಅಲ್ಲ, ಗಾಯಕ್ಕೆ ಮುಂಚಿನ ಸಿದ್ಧತೆಯಲ್ಲಿ. ವಿಚಿಟಾದಲ್ಲಿ ಒಬ್ಬನನ್ನು ಆಡಿಸುತ್ತ ಇಟ್ಟಿದ್ದು, ಟೋರಿಯನ್ನು ಬೆಂಚಿನ ಮೇಲೆ ಹದವಾಗಿ ಉಳಿಸಿಕೊಂಡಿದ್ದು, ಮಧ್ಯಕ್ಕೆ ಸರಿ ಎಂದಾಗ ಆರನ್ ಗೊಣಗದೆ ಸರಿದದ್ದು, ಇವೆಲ್ಲ ಸೇರಿ 1957 ಆಯಿತು. ಇನ್ನು ನಾವು, ಓದುವವರು, ಮಾಡಬಹುದಾದದ್ದು ಇಷ್ಟೆ: ಬದಲಿಗೆ ಬಂದು ಗೆಲ್ಲಿಸಿದವನ ಹೆಸರು ಹೇಳುವಾಗ, ಯಾರ ನೋವಿನಿಂದ ಆ ಬಾಗಿಲು ತೆರೆಯಿತೋ ಅವನ ಹೆಸರನ್ನೂ ಜೊತೆಗೆ ಹೇಳುವುದು. ಹೇಝಲ್ ಎಂದಾಗ ಬ್ರೂಟನ್, ಟೋರಿ ಎಂದಾಗ ಆಡ್‌ಕಾಕ್, ಆರನ್ ಎಂದಾಗ ಥಾಮ್ಸನ್. ಜೋಡಿಯಾಗಿ ನೆನೆದಾಗ ಮಾತ್ರ ಆ ಋತುವಿನ ಲೆಕ್ಕ ಸರಿಹೋಗುತ್ತದೆ.